ಎಣ್ಣೆ ಚಿಕ್ಕಮ್ಮನ ಅಳತೆ

ಎಣ್ಣೆ ಚಿಕ್ಕಮ್ಮ ಆ ಬೀದಿಗೆಲ್ಲ ಚಿಕ್ಕಮ್ಮನೇ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದನೆಯ ಬೆಂಚು, ಬಕೆಟ್ಟಿನಲ್ಲಿ ಬಿಸಿನೀರು, ಕಪಾಟಿನ ತುಂಬ ಕಂದು ಬಣ್ಣದ ಪುಟ್ಟ ಸೀಸೆಗಳು. ನಿಂತು ದುಡಿದು ಕಾಲು ಸೋತವರು, ತಲೆ ಸಿಡಿಯುವವರು ಆ ಬೆಂಚಿನ ಮೇಲೆ ಬಿದ್ದುಕೊಂಡರೆ ಅರ್ಧ ಗಂಟೆಯಲ್ಲಿ ಹೂವಿನ ಹಾಗೆ ಎದ್ದು ಹೋಗುತ್ತಿದ್ದರು.

ಟೀ ಟ್ರೀ ಎಣ್ಣೆಯೆಂದರೆ ಅವಳಿಗೆ ಬಲು ಮುದ್ದು. "ಇದು ಚಹಾ ಗಿಡದ್ದಲ್ಲ ಕಣ್ರೀ, ಬೇರೆ ಮರದ ಎಲೆಯದು. ಕುಡಿಯೋಕೆ ಗಿಡಿಯೋಕೆ ಹೋಗ್ಬೇಡಿ, ಹೊಟ್ಟೆಗೆ ವಿಷ" ಎಂದು ಹೊಸಬರಿಗೆ ಮೊದಲೇ ಹೇಳಿಬಿಡುತ್ತಿದ್ದಳು. ತಲೆಹೊಟ್ಟು, ಮೊಡವೆ, ಕಾಲ್ಬೆರಳ ಸಂದಿಯ ತುರಿಕೆ, ಎಲ್ಲಕ್ಕೂ ಅದನ್ನು ಎಳ್ಳೆಣ್ಣೆಯಲ್ಲಿ ಬೆರೆಸಿಯೇ ಹಚ್ಚುವಳು. ಬರಿ ಎಣ್ಣೆಯನ್ನು ಮೈಗೆ ಮುಟ್ಟಿಸಿದವಳಲ್ಲ. ಆದರೆ ಹನಿ ಎಣಿಸಿದವಳೂ ಅಲ್ಲ. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಬೆರೆಸುವಾಗ ಘಮ ಮುಖದವರೆಗೆ ಬಂತೋ, ಸಾಕು. ಮೂವತ್ತು ವರ್ಷ ಮೂಗೇ ಅವಳ ತಕ್ಕಡಿ.

ಆ ವರ್ಷ ನೆಗಡಿ, ಜ್ವರ ಹಿಡಿದು ಹದಿನೈದು ದಿನ ಮಲಗಿದಳು. ಎದ್ದ ಮೇಲೆ ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಅವಳಿಗೆ ತಿಳಿಯಲಿಲ್ಲ. ಸೊಸೆ ಓಡಿ ಬಂದು ಆರಿಸಿದಾಗ, "ನೋಡ್ತಾನೇ ಇದ್ದೆ ಕಣೆ, ತಳ ಹತ್ತಿದ್ರೂ ಒಂದು ರುಚಿ" ಎಂದು ಜಾರಿಕೊಂಡಳು. ಮೂಗು ಹೋಯಿತೆಂದು ಗೊತ್ತಾದರೆ ತನ್ನ ಬೆಂಚಿಗೆ ಯಾರು ಬರುತ್ತಾರೆ? ಬಾಯಿಗೆ ಬೀಗ ಹಾಕಿಕೊಂಡಳು.

ಬಂದವರಿಗೆಲ್ಲ ಬರಿ ಎಳ್ಳೆಣ್ಣೆ ತಿಕ್ಕುತ್ತಲೇ ತಿಂಗಳಾಯಿತು. ಎದುರು ಮನೆಯ ಟೈಲರಮ್ಮ ಬಂದಳು. ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಕಾಲು, ಬೆರಳ ಸಂದಿಯಲ್ಲಿ ತುರಿಕೆ. ಚಿಕ್ಕಮ್ಮ ಒಂದು ಚಮಚ ಎಳ್ಳೆಣ್ಣೆಗೆ ಎರಡು ಹನಿ ಬಿಟ್ಟಳು. ಘಮವಿಲ್ಲ. ಇನ್ನೆರಡು. ಇಲ್ಲ. ಮನಸ್ಸು ಸಾಕೆಂದರೂ ಕೈ ಕೇಳಲಿಲ್ಲ.

"ಏನ್ ಚಿಕ್ಕಮ್ಮ, ಇವತ್ತು ಕಣ್ಣಲ್ಲಿ ನೀರು ಬರೋ ಹಾಗಿದೆ ವಾಸನೆ."

"ಹೊಸ ಸೀಸೆ. ಹಾಗೇ ಇರುತ್ತೆ" ಎಂದಳು ಚಿಕ್ಕಮ್ಮ.

ಎರಡು ದಿನ ಬಿಟ್ಟು ಟೈಲರಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತ ಬಂದಳು. ಪಾದ ಕೆಂಪಗೆ ಊದಿ ಗುಳ್ಳೆ ಎದ್ದಿತ್ತು. ಡಾಕ್ಟರು ಮುಲಾಮು ಕೊಟ್ಟು, ಒಂದು ವಾರ ಯಂತ್ರ ತುಳಿಯಬೇಡ ಎಂದಿದ್ದರಂತೆ.

"ನಿಮ್ಮ ಸೊಸೆ ತಂದ ಎಣ್ಣೆ ಹಳೇದೇನೋ. ಹಳೇದಾದ್ರೆ ಚರ್ಮ ಸುಡುತ್ತಂತೆ. ನಿಮ್ಮ ಕೈ ತಪ್ಪೋದುಂಟಾ?"

ಸೊಸೆಯ ಮುಖ ಸಣ್ಣಗಾಯಿತು. "ತಾರೀಕು ನೋಡೇ ತಂದಿದ್ದೆ ಅಕ್ಕ. ಬಿಸಿಲಿಗೂ ಇಟ್ಟಿಲ್ಲ."

ಚಿಕ್ಕಮ್ಮ ಸುಮ್ಮನಿದ್ದರೆ ಸಾಕಿತ್ತು, ತಪ್ಪು ತಾನಾಗಿಯೇ ಆ ಹುಡುಗಿಯ ತಲೆಗೆ ಕಟ್ಟಿಕೊಳ್ಳುತ್ತಿತ್ತು. ಆದರೆ ಅವಳು ಕಪಾಟಿನಿಂದ ಆ ಸೀಸೆ ತೆಗೆದು ಟೈಲರಮ್ಮನ ಮುಂದಿಟ್ಟಳು.

"ಎಣ್ಣೆ ಸರಿಯಾಗೇ ಇದೆ. ಇವಳೂ ಸರಿಯಾಗೇ ಇದಾಳೆ. ನನಗೆ ವಾಸನೆ ಗೊತ್ತಾಗದೆ ಒಂದು ತಿಂಗಳಾಯ್ತು. ಎರಡು ಮೂರು ಹನಿ ಸಾಕಾಗಿದ್ದ ಕಡೆ ಹನ್ನೆರಡು ಸುರಿದಿರಬೇಕು."

ಟೈಲರಮ್ಮ ಅವಳನ್ನೇ ನೋಡಿದಳು. "ಮತ್ತೆ ಮೊನ್ನೆ ನನ್ನ ಕಾಲು ನೋಡಿ ಮೂಗು ಮುಚ್ಕೊಂಡ್ರಲ್ಲ?"

"ಅಭ್ಯಾಸಬಲ ಕಣೆ."

ಸೊಸೆಗೆ ಮೊದಲು ನಗು ಬಂತು, ಆಮೇಲೆ ಟೈಲರಮ್ಮನಿಗೂ. "ನಕ್ಕೆ ಅಂತ ಬಿಟ್ಟೆ ಅಂದ್ಕೋಬೇಡಿ. ಹೊಲಿಯೋ ಬಟ್ಟೆ ಗುಡ್ಡ ಬಿದ್ದಿದೆ. ವಾರ ಪೂರ್ತಿ ನೀವೇ ಬಂದು ತುಳೀಬೇಕು."

ಚಿಕ್ಕಮ್ಮ ಹೋದಳು. ಒಂದೇ ಮಣೆಯ ಮೇಲೆ ಇಬ್ಬರೂ ಒತ್ತಿಕೊಂಡು ಕುಳಿತು, ಇವಳು ತುಳಿಯುವುದು, ಅವಳು ಬಟ್ಟೆ ಸರಿಸುವುದು. ಇತ್ತ ಸೊಸೆ ಹನಿ ಎಣಿಸಿ ಬೆರೆಸಿ, ಮೊದಲು ಮೊಣಕೈಯ ಒಳಬದಿಗೆ ತುಸು ಸವರಿ, "ನಾಳೆವರೆಗೆ ಉರಿ ಬರದಿದ್ರೆ ಬನ್ನಿ" ಎಂದು ಕಳಿಸುತ್ತಿದ್ದಳು. ಬಂದವರು ಕೇಳುತ್ತಿದ್ದರು, "ಚಿಕ್ಕಮ್ಮ ಎಲ್ಲಿ?"

"ಎದುರು ಮನೇಲಿ ದಂಡ ಕಟ್ತಿದಾರೆ."

ಎಂಟನೆಯ ದಿನ ಕಾಲುನೋವು ಹೊತ್ತು ಚಿಕ್ಕಮ್ಮ ಮನೆಗೆ ಬಂದಾಗ ಬಾಗಿಲಲ್ಲಿ ಆರು ಜನ ಕಾಯುತ್ತಿದ್ದರು. ಸೊಸೆ ಬಟ್ಟಲನ್ನು ಅವಳ ಕೈಗಿತ್ತಳು. "ಚಮಚಕ್ಕೆ ಮೂರು ಹನಿ ಹಾಕಿದೀನಿ ಅತ್ತೆ. ತಿಕ್ಕೋದು ಮಾತ್ರ ನನಗೆ ಬರಲ್ಲ, ಕೂತ್ಕೊಳ್ಳಿ."