ತೂತು ಬೀಳದ ಜೀಪು

ಯುದ್ಧದ ವರ್ಷಗಳಲ್ಲಿ ಮಳವಳ್ಳಿಯ ಮರಿಯಯ್ಯ ಅಸ್ಸಾಮಿನಲ್ಲಿ ಮಿಲಿಟರಿ ಲಾರಿಗಳ ರಿಪೇರಿಗಿದ್ದ. ಅಲ್ಲಿ ಒಂದು ಲಾರಿಯ ಚಾಸಿಗೆ, ಗಾಡಿಯ ಭಾರವೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟಿಗೆ, ಯಾರೋ ಸಿಕ್ಕಲ್ಲಿ ತೂತು ಕೊರೆದು ನೀರಿನ ಪೀಪಾಯಿ ಬಿಗಿದಿದ್ದರು. ಬೆಟ್ಟದ ಇಳಿಜಾರಿನಲ್ಲಿ ಚಾಸಿ ಆ ತೂತಿನಿಂದಲೇ ಸೀಳಿ ಲಾರಿ ಕಮರಿಗೆ ಉರುಳಿತು. ಅದನ್ನು ಓಡಿಸುತ್ತಿದ್ದವನು ಮರಿಯಯ್ಯನ ಊರಿನವನೇ, ಮುದ್ದಯ್ಯ. ಎದೆಗೆ ಹೊಕ್ಕಿದ್ದ ಸ್ಟೇರಿಂಗನ್ನು ಗರಗಸದಲ್ಲಿ ಕೊಯ್ದು ಹೆಣ ಹೊರಗೆಳೆದದ್ದು ಮರಿಯಯ್ಯ.

ಊರಿಗೆ ಬಂದವನು ಹಲಗೂರು ರಸ್ತೆಯ ಬದಿಯಲ್ಲಿ ಶೆಡ್ಡು ಹಾಕಿದ. ಕೆಲಸ ಚೊಕ್ಕ, ಕೈ ಮಾತ್ರ ಮುಂದು. ಮಾತಿಗೆ ಮಾತು ಬೆಳೆದರೆ ಹೊಡೆದೇ ಬಿಡುವನು. ಹೆಂಡತಿ ಶಿವನಂಜಮ್ಮನ ಮೈಮೇಲೂ ಬಾಸುಂಡೆ ಎದ್ದದ್ದುಂಟು. ಅಂಥ ದಿನ ಅವನು ಉಣ್ಣದೆ, ಯಾರ ಮುಖವನ್ನೂ ನೋಡದೆ ಕುಲುಮೆಯ ಮುಂದೆ ಕೂತಿರುತ್ತಿದ್ದ.

ನಲವತ್ತೇಳರ ಬೇಸಿಗೆಯಲ್ಲಿ ಬಿದಿರಿನ ಗುತ್ತಿಗೆದಾರ ರಾಮಲಿಂಗಯ್ಯ ಹೊಚ್ಚ ಹೊಸ ಜೀಪು ತಂದ. ಮುತ್ತತ್ತಿ ಕಾಡಿನ ದಾರಿಯಲ್ಲಿ ಬಂಡೆಗಳು ಎಂಜಿನ್ನಿನ ಅಡಿಗೆ ಬಡಿಯುತ್ತಿದ್ದವು. ಅಡಿಗೊಂದು ತಗಡು ಹಾಕಿಸಬೇಕಿತ್ತು. ಆದರೆ ಚಾಸಿಗೆ ತೂತು ಕೊರೆದರೆ, ಬೆಸುಗೆ ಹಾಕಿದರೆ ವರ್ಷದ ಗ್ಯಾರಂಟಿ ಹೋಯಿತೆಂದು ಮೈಸೂರಿನಲ್ಲಿ ಕಂಪನಿಯವರು ಖಡಾಖಂಡಿತ ಹೇಳಿದ್ದರು.

"ಕೊರೀದೆ ಆಯ್ತದೇನಪ್ಪ?" ರಾಮಲಿಂಗಯ್ಯ ಕೇಳಿದ.

"ಆಯ್ತದೆ ಸಾವ್ಕಾರ್ರೇ. ವಸಿ ದಿನ ಬುಡಿ."

ಮರಿಯಯ್ಯ ದಪ್ಪ ತಗಡನ್ನು ಕಾಯಿಸಿ ದೋಣಿಯಂತೆ ಬಾಗಿಸಿದ. ಚಾಸಿಯನ್ನು ತಬ್ಬಿ ಹಿಡಿಯುವ ಕಬ್ಬಿಣದ ಪಟ್ಟಿಗಳನ್ನು ಮಾಡಿ, ಬಣ್ಣ ಕೆರೆಯದ ಹಾಗೆ ನಡುವೆ ತೊಗಲು ಕೊಟ್ಟು, ಬೋಲ್ಟು ಬಿಗಿದು ತಗಡನ್ನು ತೂಗುಹಾಕಿದ. ಎಣ್ಣೆ ಇಳಿಸುವ ತಿರುಪಿಗೆ ಸ್ಪ್ಯಾನರು ಹೋಗುವಷ್ಟು ಕಿಂಡಿ ಬಿಟ್ಟಿದ್ದ. ಬಿಚ್ಚಿದರೆ ಜೀಪು ಕಂಪನಿಯಿಂದ ಬಂದ ಹಾಗೇ.

ರಾಮಲಿಂಗಯ್ಯನ ಭಾಮೈದ ಚಿಕ್ಕಣ್ಣನಿಗೆ ಅದು ಸಾಲಲಿಲ್ಲ. ಬಿದಿರು ಕಡಿಯುವ ಆಳುಗಳ ಬೆನ್ನಿಗೆ ಬೆತ್ತ ಬೀಸಿ ಅಭ್ಯಾಸವಾದವನು. ಹಂದಿ ಹೊಡೆಯಲು ಜೀಪಿಗೆ ಬಂದೂಕಿನ ಕಂಬ ಬೇಕೆಂದು ಹಟ ಹಿಡಿದ. ಮರಿಯಯ್ಯ ಉಣ್ಣಲು ಕೂತ ಹೊತ್ತಿಗೆ ಇಬ್ಬರು ಆಳುಗಳೊಂದಿಗೆ ಶೆಡ್ಡಿಗೆ ನುಗ್ಗಿ ಚಾಸಿಗೆ ಬೈರಿಗೆ ಇಟ್ಟ.

ಮರಿಯಯ್ಯ ಎಂಜಲು ಕೈಯಲ್ಲೇ ಎದ್ದು ಬಂದ. "ತೆಗೀಲಾ ಅದ."

"ನಮ್ಮ ಜೀಪು, ನಮ್ಮಿಷ್ಟ. ಗ್ಯಾರಂಟಿ ಓದ್ರೆ ನಿಮ್ಮಪ್ಪಂದು ಓಯ್ತದಾ?"

"ಗ್ಯಾರಂಟಿ ಮನೆ ಆಳಾಗೋಗ್ಲಿ. ಆ ಜಾಗದಲ್ಲಿ ಕೊರುದ್ರೆ ಚಾಸಿ ಸೀಳ್ತದೆ. ಜನ ಸಾಯ್ತರೆ ಕಣ್ಲಾ."

ಚಿಕ್ಕಣ್ಣ ನಕ್ಕು ಬೈರಿಗೆಯ ಹಿಡಿ ತಿರುಗಿಸಲು ಹೋದ. ಮರಿಯಯ್ಯನ ಕೈಗೆ ಸುತ್ತಿಗೆ ಬಂದದ್ದು ಅವನಿಗೇ ತಿಳಿಯಲಿಲ್ಲ. ಏಟು ಚಿಕ್ಕಣ್ಣನ ಬಲ ಮಣಿಕಟ್ಟಿಗೆ ಬಿತ್ತು. ಒಣ ಬಿದಿರು ಸೀಳಿದಂಥ ಸದ್ದಾಯಿತು, ಮೂಳೆ ಚರ್ಮ ಹರಿದು ಈಚೆ ಬಂತು. ಚಿಕ್ಕಣ್ಣ ಕೆಳಗೆ ಬಿದ್ದ ಮೇಲೂ ಮರಿಯಯ್ಯ ನಿಲ್ಲಿಸಲಿಲ್ಲ, ಎದೆಗೆ ಒದ್ದ, ಮತ್ತೆ ಒದ್ದ. ಅಷ್ಟರಲ್ಲಿ ಆಳೊಬ್ಬ ಜೀಪಿನ ಎಂಜಿನ್ ತಿರುಗಿಸುವ ಹ್ಯಾಂಡಲಿನ ಸರಳಿನಿಂದ ಮರಿಯಯ್ಯನ ಎಡಗಿವಿಯ ಮೇಲೆ ಬಾರಿಸಿದ. ಕಿವಿಯಿಂದ ನೆತ್ತರು ಕುತ್ತಿಗೆಗೆ ಹರಿಯಿತು. ಇನ್ನೊಬ್ಬ ಪಕ್ಕೆಗೆ ತುಳಿಯತೊಡಗಿದ. ಶಿವನಂಜಮ್ಮ ಕುಲುಮೆಯೊಳಗೆ ಕೆಂಪಗೆ ಕಾದಿದ್ದ ಸರಳನ್ನು ಇಕ್ಕಳದಲ್ಲಿ ಹಿಡಿದು ಗಂಡನಿಗೆ ಅಡ್ಡ ನಿಂತಳು.

"ಇನ್ನೊಂದು ಎಜ್ಜೆ ಇಟ್ರೆ ಕಣ್ಣಿಗೇ ಚುಚ್ತೀನಿ," ಅಂದಳು. ಆಳುಗಳು ಹಿಂದೆ ಸರಿದರು.

ಸುದ್ದಿ ತಿಳಿದು ಓಡಿ ಬಂದ ರಾಮಲಿಂಗಯ್ಯ ಇಬ್ಬರನ್ನೂ ಅದೇ ಜೀಪಿಗೆ ಹಾಕಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟ. ದಾರಿಯುದ್ದಕ್ಕೂ ಒಬ್ಬರ ನೆತ್ತರು ಇನ್ನೊಬ್ಬರ ಬಟ್ಟೆಗೆ ಅಂಟುತ್ತಿತ್ತು. ಶಿವನಂಜಮ್ಮ ನಡುವೆ ಕೂತು ಇಬ್ಬರ ತಲೆಯನ್ನೂ ಹಿಡಿದುಕೊಂಡಿದ್ದಳು. ಪೊಲೀಸರು ಕೇಳಿದಾಗ ಇಬ್ಬರೂ ಬಿದ್ದೆವು ಅಂದರು.

ಮರಿಯಯ್ಯನ ಎಡಗಿವಿ ಕಿವುಡಾಯಿತು. ಮಳೆ ಹಿಡಿದ ಮೇಲೆ ಮುತ್ತತ್ತಿಯ ದಾರಿಯಲ್ಲಿ ಜೀಪಿನ ಗೇರುಬಾಕ್ಸು ಒಳಗಿಂದಲೇ ಒಡೆಯಿತು. ಕಂಪನಿಯ ಮನುಷ್ಯ ಬಂದು ತಗಡು ಬಿಚ್ಚಿಸಿ, ಅಡಿಯಲ್ಲಿ ಮಲಗಿ ಚಾಸಿಯನ್ನೆಲ್ಲ ಸವರಿ ನೋಡಿದ. ಒಂದು ಗೀರೂ ಸಿಗಲಿಲ್ಲ. ಗ್ಯಾರಂಟಿಯ ಮೇಲೆ ಹೊಸ ಗೇರುಬಾಕ್ಸು ಬಂತು. ರಾಮಲಿಂಗಯ್ಯ ಇದನ್ನು ಹೇಳಲು ಶೆಡ್ಡಿಗೆ ಬಂದಾಗ ಮರಿಯಯ್ಯ ಬಲಗಿವಿ ತಿರುಗಿಸಿ ಕೇಳಿಸಿಕೊಂಡ.

"ಅವನ ಕೈ ಎಂಗದೆ?"

"ಬೆರಳು ಮಡಚಾಕಾಗಕಿಲ್ಲ. ಅವನಕ್ಕನೇ ಉಣ್ಣುಸ್ತಾಳೆ."

ಅಂದು ರಾತ್ರಿ ಮರಿಯಯ್ಯ ಉಣ್ಣದೆ ಕುಲುಮೆಯ ಮುಂದೆ ಕೂತ.

ದಸರೆಯ ಹೊತ್ತಿಗೆ ಚಿಕ್ಕಣ್ಣ ಒಬ್ಬನೇ ನಡೆದು ಬಂದ. ಬಾಗಿಲಲ್ಲೇ ನಿಂತ. ಶಿವನಂಜಮ್ಮ ಇಕ್ಕಳದ ಕಡೆ ನೋಡಿದಳು.

"ಜೀಪು ಓಡುಸ್ಬೇಕು," ಅಂದ ಚಿಕ್ಕಣ್ಣ. "ಗೇರಿನ ಕೋಲು ಹಿಡಿಯಾಕಾಗಕಿಲ್ಲ. ಕೋಲು ಕುಯ್ದು ಬದಲಾಯ್ಸಿದ್ರೆ ಗ್ಯಾರಂಟಿ ಓಯ್ತದೆ ಅಂತಾರೆ ಕಂಪ್ನಿಯವರು."

"ಮರದಲ್ಲಿ ಒಂದು ಬಟ್ಲು ಕೆತ್ತಿ ಕೋಲಿನ ತಲೆಗೆ ಸಿಗ್ಸಬೋದು. ಅಂಗೈ ಒರಗಿಸಿ ತಳ್ಳುದ್ರೆ ಸಾಕು. ಕೋಲಿಗೇನೂ ಆಗಕಿಲ್ಲ."

"ಮಾಡ್ಕೊಡ್ತೀಯಾ?"

ಮರಿಯಯ್ಯ ಕೂರಲು ಮಣೆ ಸರಿಸಿದ. "ಕೊಡು ಕೈಯ, ಅಳತೆ ತಕ್ಕೊತೀನಿ."

ಚಿಕ್ಕಣ್ಣ ಹಿಂದುಮುಂದು ನೋಡಿ ಸೊಟ್ಟ ಕೈಯನ್ನು ಮುಂದಕ್ಕೆ ಚಾಚಿದ. ಗಾಯದ ಗಂಟು ಮುಟ್ಟಿದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.