ಚಾಕು ನಿಲ್ಲಿಸಿದ ಲೇಖನ

ಪತ್ರಿಕೆಯ ಲೇಖನ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ನನಗೆ ಕಿವಿ ಸಾಕು. ನಾನು ಓದುತ್ತಿರುವಾಗ ಸುತ್ತ ಚಾಕುಗಳ ಸದ್ದು ಕೇಳುತ್ತಲೇ ಇದ್ದರೆ ಲೇಖನ ಸಪ್ಪೆ. ಸದ್ದು ನಿಂತಿತೋ, ಗೆದ್ದಿತು!

ಮದ್ರಾಸಿನ ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಾಂಬಾರಿನ ಒಲೆ ನನ್ನದು. ಊರು ಕುಂದಾಪುರದ ಕಡೆ. ಶಾಲೆ ಬಿಟ್ಟದ್ದು ಏಳನೆಯ ಕ್ಲಾಸಿಗೆ. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ನಾನು ಓದಿದಷ್ಟು ವಾರಪತ್ರಿಕೆ ಓದಿದ ಡಿಗ್ರಿಯವರು ಯಾರಾದರೂ ಇದ್ದರೆ ಎದುರಿಗೆ ಬರಲಿ, ನೋಡೋಣ.

ನಮ್ಮ ಅಡುಗೆಮನೆಯಲ್ಲಿ ಒಂದು ಪದ್ಧತಿ ಇದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರು ಗಂಟೆಯಾದರೆ ಸಂಜೆಯ ಸಾಂಬಾರಿಗೆ ಸಣ್ಣ ನೀರುಳ್ಳಿ ಸುಲಿಯಲು ಕೂರುತ್ತೇವೆ. ಎರಡು ಬುಟ್ಟಿ ತುಂಬ ಇರುತ್ತದೆ. ಹೋಟೆಲಿನ ಧಣಿಗಳು ಮನೆಯಲ್ಲಿ ಓದಿ ಮುಗಿಸಿದ ಕನ್ನಡ ಪತ್ರಿಕೆಗಳು ಅಷ್ಟು ಹೊತ್ತಿಗೆ ಅಡುಗೆಮನೆಗೆ ಬಂದಿರುತ್ತವೆ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಸುಲಿಯಬೇಕು. ಓದುವವರಿಗೆ ನೀರುಳ್ಳಿಯ ಕೆಲಸ ಮಾಫಿ. ಆದರೆ ಕೇಳುವವರಿಗೆ ಬೇಜಾರು ಬಂದರೆ ನಮ್ಮ ದೊಡ್ಡ ಅಡುಗೆ ಭಟ್ಟರು ಒಂದು ಮಾತೂ ಆಡದೆ ಬುಟ್ಟಿಯನ್ನು ಓದುವವರ ಮುಂದಕ್ಕೆ ತಳ್ಳುತ್ತಾರೆ. ಪತ್ರಿಕೆ ಮಡಚಿ ಚಾಕು ಹಿಡಿಯುವುದಲ್ಲದೆ ಬೇರೆ ದಾರಿಯಿಲ್ಲ.

ಹೆಚ್ಚಿನ ದಿನ ಓದುವವನು ನಾನೇ. ಎದುರಿಗೆ ತರಕಾರಿ ಹೆಚ್ಚುವ ಅಕ್ಕ. ಅವರು ಎಣ್ಣೂರಿನ ಮೀನುಗಾರರ ಮನೆಯವರು, ಮಾತು ತಮಿಳು. ನಮ್ಮ ಜೊತೆ ಇದ್ದೂ ಇದ್ದೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಲೇಖನ ಹಿಡಿಸಿದರೆ ಚಾಕು ನಿಲ್ಲಿಸಿ "ಅಪ್ಪುರಂ?" ಎನ್ನುತ್ತಾರೆ. ಆಮೇಲೆ ಏನಾಯಿತು, ಎಂದು. ಆ ಒಂದು ಮಾತು ಬಿತ್ತೆಂದರೆ ಆ ದಿನ ನನಗೆ ಹಬ್ಬ.

ಹೀಗೆ ಓದಿ ಓದಿಯೇ ನನಗೆ ಗುಟ್ಟು ತಿಳಿದದ್ದು. ಒಮ್ಮೆ ಒಂದು ಲೇಖನ "ನೀರು ಅಮೂಲ್ಯವಾದುದು, ಅದನ್ನು ನಾವೆಲ್ಲರೂ ಉಳಿಸಬೇಕು" ಎಂದು ಶುರುವಾಯಿತು. ಚಾಕುಗಳು ಕುದುರೆಯ ಹಾಗೆ ಓಡಿದವು. ಎರಡನೆಯ ಪ್ಯಾರಾಕ್ಕೆ ಬುಟ್ಟಿ ಬಂತು. ಮರುವಾರ ಇನ್ನೊಂದು ಪತ್ರಿಕೆಯಲ್ಲಿ, ಬಾವಿಗೆ ಬಿದ್ದ ತಾಮ್ರದ ಕೊಡ ತೆಗೆಯಲು ತಾನೇ ಹಗ್ಗ ಹಿಡಿದು ಇಳಿದ ಅಜ್ಜಿಯೊಬ್ಬರ ಬಗ್ಗೆ ಬಂದಿತ್ತು. ಅದೂ ನೀರಿನ ಲೇಖನವೇ! ಆದರೆ ಅಜ್ಜಿ ಮೊದಲ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೇ ಅಡುಗೆಮನೆ ಗಪ್‌ಚುಪ್. ಬುದ್ಧಿ ಹೇಳಿದರೆ ಕೈ ಓಡುತ್ತದೆ. ಯಾರೋ ಒಬ್ಬರು ಕಷ್ಟಕ್ಕೆ ಇಳಿದರೆ ಕೈ ನಿಲ್ಲುತ್ತದೆ. ಕೊಡ ತಾಮ್ರದ್ದು ಎಂದು ಹೇಳಿದ್ದಕ್ಕೇ ನಾವು ಬಾವಿಯನ್ನೂ ನಂಬಿದೆವು.

ಇಷ್ಟು ತಿಳಿದವನು ನಾನೇ ಬರೆಯಲು ಕೂತಾಗ ಏನು ಮಾಡಿದೆ ಕೇಳಿ.

ಇಲ್ಲಿಯ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಸಂಪಾದಕರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಮ್ಮ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವರ ಮನೆಯವರು. ನಮ್ಮಲ್ಲಿ ಕಾಫಿಗೆ ಬರುತ್ತಾರೆ. ಹೋದ ವರ್ಷ ಒಂದು ದಿನ ನನ್ನನ್ನು ಹೊರಗೆ ಕರೆಸಿ, "ನಿಮ್ಮ ಹೋಟೆಲ್ ಅನುಭವ ಒಂದು ಆರ್ಟಿಕಲ್ ಬರ್ದು ಕೊಡ್ರೀ" ಎಂದರು. ನನ್ನ ಹೆಸರು ಅಚ್ಚಿನಲ್ಲಿ! ಆ ದಿನ ಸಾಂಬಾರಿಗೆ ಹುಣಿಸೆಹುಳಿ ಬಿಟ್ಟೆನೋ ಇಲ್ಲವೋ ಎಂಬುದೇ ನೆನಪಿಲ್ಲ.

ಬರೆದೆ. "ಅನಾದಿ ಕಾಲದಿಂದಲೂ ಅನ್ನದಾನವು ಶ್ರೇಷ್ಠವೆಂದು ಪರಿಗಣಿಸಲ್ಪಟ್ಟಿದೆ." ಅಚ್ಚಿಗೆ ಹೋಗುವ ಮಾತು ಜರಿಪಂಚೆ ಉಟ್ಟುಕೊಂಡೇ ಹೋಗಬೇಕೆಂದು ನನ್ನ ಭಾವನೆ. ಯಾರದ್ದೆಂದು ಹೇಳದೆ ಮೂರು ಗಂಟೆಗೆ ಓದಿದೆ. ಎರಡನೆಯ ವಾಕ್ಯಕ್ಕೇ ಬುಟ್ಟಿ ಬಂತು.

"ಹೋಯ್, ಇದ್ ಯಾರ್ ಬರದ್ದ್ ಮಾರಾಯ? ಹೆಡ್ ಮಾಷ್ಟ್ರಾ?" ಎಂದರು ಭಟ್ಟರು.

"ನಾನೇ."

"ಹಂಗಾರೆ ಎರ್ಡೂ ಬುಟ್ಟಿ ನಿಂದೇ!"

ಎರಡೂ ಬುಟ್ಟಿ ಸುಲಿದೆ. ಸುಲಿಯುತ್ತಲೇ ಹೊಸ ಮೊದಲ ಸಾಲು ಹೊಳೆಯಿತು: "ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದಾಗ, ಅದು ರುಬ್ಬುವ ಕಲ್ಲು ಎಂದು ಗೊತ್ತಾಯಿತು." ಅದು ನಿಜವಾಗಿ ನಡೆದದ್ದು. ಬಿರುಗಾಳಿ ಬಂದು ಎರಡು ದಿನ ಕರೆಂಟ್ ಇರಲಿಲ್ಲ, ಜನರೇಟರಿಗೂ ನೀರು ನುಗ್ಗಿತ್ತು, ಮರುಬೆಳಗ್ಗೆ ಇಡ್ಲಿಗೆ ಹಿಟ್ಟಿಲ್ಲ. ಆ ದಿನದ ಕತೆಯನ್ನೇ ಬರೆದು ಕೊಟ್ಟೆ.

ವಾರದ ನಂತರ ಅಮ್ಮನವರು ಟೈಪ್ ಮಾಡಿಸಿದ ಪ್ರತಿ ತಂದರು. ನನ್ನ ಕಲ್ಲು ನಾಲ್ಕನೆಯ ಪ್ಯಾರಾಕ್ಕೆ ಹೋಗಿ ಕೂತಿತ್ತು! ಅದಕ್ಕಿಂತ ಮೊದಲಿನ ಮೂರು ಪ್ಯಾರಾ ಅವರದೇ, ಕರಾವಳಿಯ ಜನ ವಲಸೆ ಬಂದ ಇತಿಹಾಸ.

"ಇಂಟ್ರೊಡಕ್ಷನ್ ಬೇಕಲ್ವಾ? ಎಡುತ್ತ ಎಡುಪ್ಪಿಗೇ, ಮೊದಲ್ನೇ ಸಾಲಿಗೇ, ಕಲ್ಲು ಮಗುಚಿದ್ವಿ ಅಂದ್ರೆ ಓದೋರು ಏನ್ ತಿಳ್ಕೋತಾರೆ?"

"ಮೇಡಂ, ಇದು ನನ್ನ ಹೆಸರಿನಲ್ಲಿ ಬರುವ ಮೊದಲ ಲೇಖನ. ಮೊದಲ ಪ್ಯಾರಾದಲ್ಲೇ ಪುಟ ತಿರುವಿಬಿಟ್ಟರೆ ನಾನು ಬರೆದದ್ದು ಯಾರಿಗೂ ಮುಟ್ಟುವುದೇ ಇಲ್ಲ."

"ಸಂಪಾದಕಿ ನಾನು ರೀ."

"ಹೌದು. ನಾಳೆ ಮೂರು ಗಂಟೆಗೆ ಒಳಗೆ ಬನ್ನಿ. ನೀವು ನಿಮ್ಮದನ್ನು ಓದಿ, ನಾನು ನನ್ನದನ್ನು ಓದುತ್ತೇನೆ. ಯಾವುದಕ್ಕೆ ಚಾಕು ನಿಲ್ಲುತ್ತದೋ ಅದು ಪ್ರೆಸ್ಸಿಗೆ ಹೋಗಲಿ."

ಪದ್ಧತಿಯನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸರಿ, ಪಾರ್ಕಲಾಂ," ಎಂದರು. ನೋಡೇಬಿಡೋಣ ಎಂಬ ಧಾಟಿ.

ಬಂದೇ ಬಂದರು! ರೇಷ್ಮೆ ಸೀರೆ, ಕೈಯಲ್ಲಿ ಪ್ರತಿ. ನಾವು ಸ್ಟೂಲು ಹಾಕಿದೆವು. ಸ್ಪಷ್ಟವಾದ ದನಿ, ಉಚ್ಚಾರಕ್ಕೆ ಹೆಸರಿಡುವ ಹಾಗಿಲ್ಲ. ಮೊದಲ ಪ್ಯಾರಾ ಮುಗಿಯಿತು. ಸರಕ್ ಸರಕ್ ಎಂದು ಚಾಕುಗಳು. ಎರಡನೆಯದರ ನಡುವೆ ತರಕಾರಿಯ ಅಕ್ಕ, ಪಕ್ಕದಲ್ಲಿ ಕೂತವರ ಹತ್ತಿರ ಬಸ್ಸಿನ ಸಮಯ ಕೇಳಿದರು. ಗಿರಾಕಿ ಅಮ್ಮ, ಹಿರಿಯರು. ಭಟ್ಟರು ಏನು ಮಾಡುತ್ತಾರೆ?

ಭಟ್ಟರು ಬುಟ್ಟಿ ತಳ್ಳಿದರು. ಅಷ್ಟೇ ನಿಧಾನವಾಗಿ, ಎಲ್ಲರಿಗೂ ತಳ್ಳುವ ಹಾಗೆಯೇ.

ಅಮ್ಮನವರು ಬುಟ್ಟಿ ನೋಡಿದರು, ನನ್ನನ್ನು ನೋಡಿದರು. ಗಹಗಹಿಸಿ ನಕ್ಕು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೊಡಿ ಒಂದು ಚಾಕು," ಎಂದರು.

ಈಗ ನನ್ನ ಸರದಿ. ಕಲ್ಲು ಮಗುಚಿದೆವು. ಮಣ್ಣು ಕೆರೆದೆವು, ಮೂರು ಸಲ ತೊಳೆದೆವು. ಅದರ ಗುಂಡು ಸಿಗಲಿಲ್ಲ. ಹುಡುಕಿದರೆ ಗೋದಾಮಿನ ಬಾಗಿಲು ಮುಚ್ಚದ ಹಾಗೆ ಒತ್ತಾಗಿ ಕೂತಿತ್ತು. ಉದ್ದು ನೆನೆದಿದೆ, ಕಲ್ಲಿದೆ, ಆದರೆ ಮಷೀನಿನ ಕಾಲದವರಾದ ನಮ್ಮಲ್ಲಿ ಒಬ್ಬರಿಗೂ ಕೈಯಲ್ಲಿ ರುಬ್ಬಿ ಗೊತ್ತಿಲ್ಲ. ಭಟ್ಟರ ಚಾಕು ನಿಂತಿತು. ಅವರೂ ಆ ದಿನ ಅಲ್ಲೇ ಇದ್ದವರು, ಆದರೂ ನಿಂತಿತು! ಅಕ್ಕನದು ನಿಂತಿತು. ಒಂದು ಚಾಕು ಮಾತ್ರ ಇನ್ನೂ ಓಡುತ್ತಿತ್ತು, ಸ್ಟೂಲಿನ ಕಡೆಯಿಂದ.

"ಅಷ್ಟರಲ್ಲಿ ಹಿಂದಿನಿಂದ, ಸರೀರಿ ಆಚೆ, ಎಂಬ ದನಿ ಕೇಳಿತು," ಎಂದು ಓದಿ ಉಸಿರೆಳೆದುಕೊಳ್ಳಲು ನಿಂತೆ.

"ಅಪ್ಪುರಂ?"

ತಲೆ ಎತ್ತಿದೆ. ಕೇಳಿದ್ದು ಅಕ್ಕನಲ್ಲ. ಸಂಪಾದಕರು! ಅರ್ಧ ಸುಲಿದ ನೀರುಳ್ಳಿ ಅವರ ಬೆರಳಿನಲ್ಲಿ ಹಾಗೆಯೇ ಇತ್ತು.

"ಅಮ್ಮಾ, ತಿದ್ದದ್ದ್ ನೀವೇ ಅಲ್ದಾ? ಮುಂದಿನದ್ದ್ ಗೊತ್ತಿಲ್ಯಾ?" ಭಟ್ಟರು ಕೆಣಕಿದರು.

"ತಿದ್ದಿದ್ದೆ ಕಣ್ರೀ, ಕಾಗುಣಿತ ನೋಡ್ಕೊಂಡು. ಸುಮ್ಮನಿರಿ ಈಗ. ನೀವು ಓದಿ, ಸೀಕ್ರಂ!"

ಓದಿದೆ. ಗಲ್ಲಾದ ಮೇಲಲ್ಲದೆ ನಾವು ಬೇರೆಲ್ಲೂ ನೋಡಿರದ ನಮ್ಮ ಧಣಿಗಳು ಬಿಳಿ ಪಂಚೆ ಮೇಲೆತ್ತಿ ಕಟ್ಟಿ ಆ ಕಲ್ಲಿನ ಮುಂದೆ ಕೂತದ್ದನ್ನು, ಹದಿನಾರನೆಯ ವಯಸ್ಸಿನಲ್ಲಿ ತಾವು ಈ ಕಲ್ಲಿಗೇ ಕೆಲಸಕ್ಕೆ ಸೇರಿದ್ದು ಎಂದದ್ದನ್ನು, ಬೆಳಿಗ್ಗೆ ಆರಕ್ಕೆ ಇಡ್ಲಿ ಆವಿಯಲ್ಲಿ ಎದ್ದು ನಿಂತದ್ದನ್ನು ಓದಿದೆ. ಮುಗಿದಾಗ ಅಮ್ಮನವರು ನೀರುಳ್ಳಿಯ ಕೈಯಲ್ಲೇ ಪೆನ್ನು ಕೇಳಿ ತಮ್ಮ ಮೂರು ಪ್ಯಾರಾಗಳಿಗೆ ಅಡ್ಡಗೀಟು ಹಾಕಿದರು. ಕಣ್ಣು ಒರೆಸಿಕೊಂಡದ್ದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಒಂದು ಬುಟ್ಟಿ ನೀರುಳ್ಳಿ ಸುಲಿಯದೆ ಉಳಿದಿತ್ತು. ಆ ಸಂಜೆ ಸಾಂಬಾರು ತಡವಾಯಿತು. ಧಣಿಗಳು ಒಳಗೆ ಬಂದು, "ಎಂತ ಮಾಡ್ತಿದ್ರಿ ನೀವೆಲ್ಲ ಇಷ್ಟೊತ್ತು?" ಎಂದು ನನಗೇ ಮೊದಲು ಬೈದರು. ಬೈಸಿಕೊಂಡೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.