ದೊಸ್ತಾ ಹಚ್ಚಿದ ಮೇಣದಬತ್ತಿ

ದೊಸ್ತಾ ಹುಟ್ಟಿದ ದಿನ ಅವಳಪ್ಪ ಒಬ್ರೆನ್ ಬಂದೂಕು ಹಿಡಿದು ಅಂಗಳದಲ್ಲಿ ಕಾಯುತ್ತಿದ್ದನಂತೆ. ಗಂಡು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುವುದು ನಮ್ಮ ಕಡೆಯ ರೂಢಿ. ಸೂಲಗಿತ್ತಿ ಹೊರಗೆ ಬಂದಳು, ಬಂದೂಕಿನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಒಬ್ರೆನ್ ಬಂದೂಕನ್ನು ಒಳಗೆ ತಂದು ಗೋಡೆಗೆ ನೇತುಹಾಕಿದ. ಮೂರು ಹೆಣ್ಣಿನ ಮೇಲೆ ನಾಲ್ಕನೆಯದು. ಹೆಸರು ದೊಸ್ತಾ ಎಂದಿಟ್ಟರು. ನಮ್ಮ ಸರ್ಬಿಯಾದ ಮಾತಿನಲ್ಲಿ ಹಾಗೆಂದರೆ ‘ಸಾಕು’. ದೇವರಿಗೂ ಕೇಳಿಸಿತೆಂದು ಕಾಣುತ್ತದೆ, ಆಮೇಲೆ ಅವರಿಗೆ ಏನನ್ನೂ ಕೊಡಲಿಲ್ಲ.

ನಾನು ಮಿಲೂಂಕಾ, ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಎರಡು ಮನೆಗಳ ನಡುವೆ ಒಂದು ಪ್ಲಮ್ ತೋಟ, ಒಂದು ಮುರುಕು ಬೇಲಿ. ಬೇರೆಯವರ ಮನೆಯೊಳಗೆ ಇಣುಕುವುದು ನನ್ನ ಹುಟ್ಟುಗುಣ, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಇಣುಕದಿದ್ದರೆ ಗೊತ್ತಾಗುವುದಾದರೂ ಹೇಗೆ?

ಅಕ್ಕಂದಿರು ಮದುವೆಯಾಗಿ ದೂರ ಹೋದರು, ದೊಸ್ತಾ ಉಳಿದಳು. ಎತ್ತು ಹೂಡಿದಳು, ಟ್ರ್ಯಾಕ್ಟರ್ ಬಂದ ಮೇಲೆ ಟ್ರ್ಯಾಕ್ಟರ್ ಓಡಿಸಿದಳು, ಪ್ಲಮ್ ಹಣ್ಣಿನಿಂದ ರಾಕಿಯಾ ಭಟ್ಟಿ ಇಳಿಸಿದಳು. ಆ ರಾಕಿಯಾ ಕುಡಿದ ಗಂಡಸರು “ಏನಪ್ಪಾ ಒಬ್ರೆನ್, ನಿನ್ನ ಕೈಗುಣ!” ಎನ್ನುತ್ತಿದ್ದರು. ಒಬ್ರೆನ್ ಮೀಸೆ ಒರೆಸಿಕೊಂಡು ಸುಮ್ಮನಿರುತ್ತಿದ್ದ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ “ಮಕ್ಕಳಿಲ್ಲ, ನಾಲ್ಕು ಹೆಣ್ಣು” ಎನ್ನುತ್ತಿದ್ದ. ಕೆಟ್ಟವನೇನಲ್ಲ. ನಮ್ಮೂರಲ್ಲಿ ಎಲ್ಲರೂ ಹೇಳುವುದು ಹಾಗೆಯೇ.

ಅವಳಮ್ಮ ಮೊದಲು ಹೋದಳು. ಹಾಸಿಗೆ ಹಿಡಿದ ಅಪ್ಪನನ್ನು ದೊಸ್ತಾ ಒಬ್ಬಳೇ ನೋಡಿಕೊಂಡಳು. ಅವನೂ ಒಂದು ವಸಂತದಲ್ಲಿ ಕಣ್ಣು ಮುಚ್ಚಿದ. ತಿಥಿಯ ಊಟ ಮುಗಿಯುತ್ತಲೇ ಅವಳ ಚಿಕ್ಕಪ್ಪನ ಮಗ ದ್ರಾಗಿಶಾ ಗೋಡೆಯ ಮೇಲಿದ್ದ ಸಂತ ಲೂಕನ ಪಟವನ್ನು ನೋಡುತ್ತಾ ಗಂಟಲು ಸರಿಮಾಡಿಕೊಂಡ.

“ದೊಸ್ತಾ, ಈ ವರ್ಷ ಸೂತಕ, ಹಬ್ಬ ಬೇಡ. ಸಂತ ಲೂಕನ ದಿನ ಬಂದು ಪಟ ತಗೊಂಡು ಹೋಗ್ತೀನಿ. ಇನ್ಮೇಲೆ ಹಬ್ಬ ನಮ್ಮನೇಲಿ.”

ಪ್ರತಿ ಮನೆಗೂ ಒಬ್ಬ ಸಂತ; ವರ್ಷಕ್ಕೊಮ್ಮೆ ಅವನ ದಿನ ಯಜಮಾನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಹಬ್ಬ ಮಾಡುತ್ತಾನೆ. ಆ ಸಂತ ಅಪ್ಪನಿಂದ ಮಗನಿಗೆ ಬರುತ್ತಾನೆ; ಹೆಣ್ಣು ಗಂಡನ ಮನೆಯ ಸಂತನನ್ನು ಕಟ್ಟಿಕೊಳ್ಳುತ್ತಾಳೆ. ಗಂಡು ಸಂತಾನ ಇಲ್ಲದ ಮನೆಯನ್ನು ತೋರಿಸಿ ಜನ ‘ಅವರ ಮೇಣದಬತ್ತಿ ಆರಿತು’ ಎನ್ನುತ್ತಾರೆ.

“ಪಟ ಎಲ್ಲಿಗೂ ಬರಲ್ಲಣ್ಣ. ಬತ್ತಿ ನಾನು ಹಚ್ತೀನಿ” ಎಂದಳು ದೊಸ್ತಾ.

“ಹುಚ್ಚು ಹಿಡೀತಾ ನಿಂಗೆ? ಹಚ್ಚು. ಯಾರು ಬರ್ತಾರೆ ನೋಡ್ತೀನಿ.”

ಎಲ್ಲರೂ ಹೋದ ಮೇಲೆ ಅವಳು ನನ್ನ ಹತ್ತಿರ ಅತ್ತಳು. “ಮಿಲೂಂಕಾ, ನಾನು ಹುಟ್ಟಿದ್ದು ಆ ಪಟದ ಕೆಳಗೆ. ಅದು ಹೋದ್ರೆ ನನ್ನ ಮನೇಲೇ ನಾನು ಬಾಡಿಗೆಯವಳು ಕಣೇ.”

ದ್ರಾಗಿಶಾ ಸುಮ್ಮನೆ ಹೆದರಿಸಿರಲಿಲ್ಲ. ಮನೆಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ಬರಬೇಕಾದವರು ತಾವಾಗಿಯೇ ಬರಬೇಕು. ಬಾರದಿದ್ದರೆ ಊರು ಆ ಮನೆಯನ್ನು ಕೈಬಿಟ್ಟಿತು ಎಂದೇ ಅರ್ಥ. ಅವಳು ಬೇಯಿಸಬಹುದು, ಬಾಗಿಲು ತೆರೆದಿಡಬಹುದು, ಕಾಯಬಹುದು. ಬಾಯಿ ತೆರೆದು ‘ಬನ್ನಿ’ ಎನ್ನುವಂತಿಲ್ಲ.

ಹಬ್ಬದ ಬೆಳಿಗ್ಗೆ ಮೊಟ್ಟೆ ಕೊಡುವ ನೆಪದಲ್ಲಿ ಹೋದೆ. ಪಾದ್ರಿ ಸಿಮೊ ಆಗಲೇ ಬಂದಿದ್ದರು. ಪಟದ ಕೆಳಗೆ ಉದ್ದನೆಯ ಮೇಣದಬತ್ತಿ ಉರಿಯುತ್ತಿತ್ತು. ಮೇಜಿನ ಮೇಲೆ ಹಬ್ಬದ ರೊಟ್ಟಿ. ಅದನ್ನು ಪಾದ್ರಿಯೂ ಮನೆಯ ಯಜಮಾನನೂ ಕೈಗೆ ಕೈ ಸೇರಿಸಿ ಮೂರು ಸುತ್ತು ತಿರುಗಿಸಿ ಮುರಿಯಬೇಕು. ಪಾದ್ರಿ ಗಡ್ಡ ಕೆರೆದುಕೊಂಡರು.

“ಅಲ್ಲಮ್ಮಾ, ರೊಟ್ಟೀನ ಯಾರ ಜೊತೆ ತಿರುಗಿಸಲಿ?”

“ಹಿಟ್ಟು ನಾದಿದವಳ ಜೊತೆ ತಿರುಗಿಸಿ, ಸ್ವಾಮಿ.”

ಪಾದ್ರಿ ಪಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಸಂತನಿಂದ ಸಹಾಯವಾಗಲಿಲ್ಲ, ನಾನು ಮೊಟ್ಟೆ ಎಣಿಸತೊಡಗಿದೆ. ಕೊನೆಗೆ ತಿರುಗಿಸಿದರು.

ನಾನು ಮನೆಗೆ ಬಂದು ಬೇಲಿಯಿಂದ ಇಣುಕುತ್ತಿದ್ದೆ. ಮಧ್ಯಾಹ್ನವಾಯಿತು, ಒಂದು ನರಪಿಳ್ಳೆಯೂ ಬರಲಿಲ್ಲ. ರಸ್ತೆಯಲ್ಲಿ ಮಾತ್ರ ಜನವೋ ಜನ! ಎಂದೂ ಆ ಕಡೆ ಸುಳಿಯದವರಿಗೆಲ್ಲ ಅಂದು ಅಲ್ಲೇ ಕೆಲಸ. ಕಿಟಕಿಯ ಮುಂದೆ ಹೆಜ್ಜೆ ನಿಧಾನ ಮಾಡಿ, ಬತ್ತಿ ಕಂಡು, ಮುಂದೆ ಹೋಗುತ್ತಿದ್ದರು. ಎಲ್ಲರಿಗೂ ಒಳಗೇನಾಗುತ್ತಿದೆ ಎಂಬ ಕುತೂಹಲ, ಮೊದಲು ಹೊಸ್ತಿಲು ದಾಟಲು ಯಾರಿಗೂ ಧೈರ್ಯವಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಟೋಪಿ ತಂದು ಅವನ ತೊಡೆಯ ಮೇಲೆ ಹಾಕಿದೆ.

“ಏಳು, ಹೋಗೋಣ.”

“ಅಲ್ಲಿ ಯಜಮಾನನೇ ಇಲ್ಲ. ಶುಭಾಶಯ ಯಾರಿಗೆ ಹೇಳ್ಲಿ?” ಎಂದ ನನ್ನ ಗಂಡ ವೆಲಿಬೋರ್.

“ಹೋದ ವರ್ಷ ಅವಳು ಎಲೆಕೋಸಲ್ಲಿ ಮಾಂಸ ಸುತ್ತಿ ಮಾಡಿದ ಸರ್ಮಾನ ಹಾಕಿಸ್ಕೊಂಡು ಹಾಕಿಸ್ಕೊಂಡು ತಿಂದ್ಯಲ್ಲ, ಆಗ ಯಾರು ಬಡಿಸಿದ್ದು ಅಂತ ಕೇಳಿದ್ಯಾ? ನೀನು ಬರ್ದಿದ್ರೆ ನಾನೊಬ್ಬಳೇ ಹೋಗ್ತೀನಿ. ವೆಲಿಬೋರ್ ಹೆದರ್ಕೊಂಡು ಮನೇಲಿ ಕೂತಿದಾನೆ ಅಂತ ಹೇಳ್ತೀನಿ.”

ಅವನು ಟೋಪಿ ಹಾಕಿಕೊಂಡ.

ದೊಸ್ತಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಸಕ್ಕರೆ, ಆಕ್ರೋಟು ಬೆರೆಸಿದ ಬೆಂದ ಗೋಧಿಯ ತಟ್ಟೆ. ವೆಲಿಬೋರ್ ಟೋಪಿ ತೆಗೆದ. ಅವಳ ಹೆಗಲಾಚೆ ಇಣುಕಿದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಡೆಗೆ ಮೊಳೆಗೆ ನೇತುಹಾಕಿದ್ದ ಒಬ್ರೆನನ ಹಳೆಯ ಕೋಟಿಗೆ ತಲೆಬಾಗಿ ದೊಡ್ಡ ದನಿಯಲ್ಲಿ ಅಂದ: “ಹಬ್ಬದ ಶುಭಾಶಯ, ಯಜಮಾನ!”

ನಾನು ನಕ್ಕುಬಿಟ್ಟೆ. ದೊಸ್ತಾ ನಗಲಿಲ್ಲ.

“ಅಪ್ಪ ಕೇಳಿಸ್ಕೊಂಡ. ಈಗ ನನಗೂ ಒಂದ್ಸಲ ಹೇಳು ವೆಲಿಬೋರ್.”

ಅವನು ಕಿವಿಯವರೆಗೆ ಕೆಂಪಾಗಿ ಹೇಳಿದ. ಒಂದು ಚಮಚ ಗೋಧಿ ತಿಂದ, ಒಳಗೆ ಹೋದ. ನಾವು ಒಳಗೆ ಹೋದದ್ದನ್ನು ರಸ್ತೆ ನೋಡಿತ್ತು. ಇನ್ನು ಕೇಳಬೇಕೇ! ಸ್ವಲ್ಪ ಹೊತ್ತಿನಲ್ಲೇ ಬೆಂಚುಗಳು ತುಂಬಿದವು.

ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ. ಮೇಜಿನ ಪಕ್ಕ ನಿಂತೇ ಇದ್ದು ಬಂದವರ ಲೋಟ ತುಂಬಿಸಬೇಕು. ದೊಸ್ತಾ ನಿಂತಳು, ತುಂಬಿಸಿದಳು. ಆಗ ಒಳಗಿನಿಂದ ಸೀದ ವಾಸನೆ ಬಂತು. ಅಡುಗೆಮನೆಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಮನೆಗೆ ಯಜಮಾನ ಸಿಕ್ಕಿದ್ದ, ಯಜಮಾನನ ಹೆಂಡತಿ ಸಿಕ್ಕಿರಲಿಲ್ಲ.

“ನಿನಗೊಬ್ಬಳು ಹೆಂಡತಿ ಬೇಕಾಗಿತ್ತು ಕಣೇ ದೊಸ್ತಾ!” ಎಂದು ಯಾರೋ ಕೂಗಿದರು.

“ಯಾರಿಗೆ ಬೇಡ ಹೇಳಿ? ಮಿಲೂಂಕಾಗೂ ಒಬ್ಬಳು ಬೇಕು!” ಎಂದಳು ದೊಸ್ತಾ.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಭ್ಯಾಸಬಲದಿಂದ ಎದ್ದೆ. ದೊಸ್ತಾ ನನ್ನ ಹೆಗಲು ಒತ್ತಿ ಕೂರಿಸಿದಳು. “ನೀನು ಅತಿಥಿ. ಕೂತ್ಕೋ.” ವೆಲಿಬೋರನೇ ಎದ್ದು ಹೋದ. ಬೆರಳು ಸುಟ್ಟುಕೊಂಡು, ಸೈತಾನನ ಹೆಸರು ಹಿಡಿದು ಬೈಯುತ್ತಾ, ಸರ್ಮಾದ ಪಾತ್ರೆ ಹೊತ್ತು ತಂದ. ಅಷ್ಟು ವರ್ಷದ ಸಂಸಾರದಲ್ಲಿ ಅವನ ಕೈಯಲ್ಲಿ ಪಾತ್ರೆ ನೋಡಿದ್ದು ಅದೇ ಮೊದಲು.

ಅದೇ ಹೊತ್ತಿಗೆ ದ್ರಾಗಿಶಾ ಬಂದ. ಪಟ ಸುತ್ತಿಕೊಳ್ಳಲು ಕಂಕುಳಲ್ಲಿ ಕಂಬಳಿ. ತುಂಬಿದ ಮನೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ದೊಸ್ತಾ ಗೋಧಿಯ ತಟ್ಟೆ ಚಾಚಿದಳು. ಸಂತನ ಗೋಧಿಯನ್ನು ಬೇಡ ಎನ್ನುವವರುಂಟೇ? ಶಿಲುಬೆಯ ಗುರುತು ಮಾಡಿ ತಿಂದ, ಬೆಂಚಿನ ತುದಿಯಲ್ಲಿ ಕೂತ. ಕಂಬಳಿ ತೊಡೆಯ ಮೇಲೆಯೇ ಇತ್ತು. ದೊಸ್ತಾ ಅವನ ಲೋಟವನ್ನು ಅಂಚಿನವರೆಗೆ ತುಂಬಿಸಿದಳು.

ನನ್ನ ಬಾಯಿ ಸುಮ್ಮನಿರುತ್ತದೆಯೇ?

“ದ್ರಾಗಿಶಾ, ನನಗೊಂದು ಅನುಮಾನ. ಪಟ ನಿಮ್ಮನೆಗೆ ಬರುತ್ತೆ, ಸರಿ. ನಿನ್ನ ಕಾಲ ಆದ್ಮೇಲೆ ಯಾರ ಮನೆಗೆ ಹೋಗುತ್ತೆ?”

“ನನ್ನ ಕಾಲ ಆದ್ಮೇಲೆ…” ಎಂದು ಶುರುಮಾಡಿದ. “ನನಗೆ ಮಕ್ಕಳಿಲ್ಲ.” ಲೋಟ ನೋಡಿದ. “ಇಬ್ಬರು ಹೆಣ್ಣುಮಕ್ಕಳಿದಾರೆ.”

ಯಾರೂ ನಗಲಿಲ್ಲ. ದೊಸ್ತಾ ಅವನ ಮುಂದೆ ರೊಟ್ಟಿ ಸರಿಸಿದಳು. ಅವನು ತಿಂದ, ಕುಡಿದ, ಬಹಳ ಹೊತ್ತು ಪಟವನ್ನೇ ನೋಡುತ್ತಾ ಕೂತ. ಎದ್ದಾಗ ಕಂಬಳಿ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಟೋಪಿ ಕೈಯಲ್ಲಿ ಹಿಡಿದು ದೊಸ್ತಾಳ ಎದುರಿಗೇ ಬಂದು ನಿಂತ.

“ಬರೋ ವರ್ಷಾನೂ ನಿನ್ನ ಬತ್ತಿ ಹೀಗೇ ಉರೀಲಿ, ಯಜಮಾನ. ಹುಡುಗೀರನ್ನೂ ಕರ್ಕೊಂಡು ಬರ್ತೀನಿ. ಹೇಗೆ ಹಚ್ಚೋದು ಅಂತ ನೋಡ್ಲಿ.”

ಸಂಜೆ ಎಲ್ಲರೂ ಹೋದರು. ದೊಸ್ತಾ ರೂಢಿಯಂತೆ ವೈನಿನ ಹನಿ ಹಾಕಿ ಬತ್ತಿ ಆರಿಸಿದಳು. ಹೊಗೆ ನೇರ ಮೇಲೆ ಹೋಯಿತು, ಒಳ್ಳೆಯ ಶಕುನ. ಆದರೂ ಅವಳು ನಿಂತೇ ಇದ್ದಳು.

“ಇನ್ನಾದರೂ ಕೂತ್ಕೊಳ್ಳೇ” ಎಂದೆ.

ಅಪ್ಪನ ಕುರ್ಚಿಯ ಬೆನ್ನನ್ನು ಸವರಿದಳು. “ಎಲ್ಲರೂ ಹೋದ್ಮೇಲೆ ಅಪ್ಪ ಇಲ್ಲಿ ಕೂರ್ತಿದ್ದ. ‘ಇಡೀ ದಿನ ನಿಂತೆ, ಕಾಲು ಬಿದ್ದುಹೋಯ್ತು’ ಅಂತಿದ್ದ. ಅಮ್ಮ ಬಿಸಿನೀರು ತಂದು ಅವನ ಕಾಲು ತೊಳೀತಿದ್ಲು.” ಆಮೇಲೆ ಕೋಣೆಯನ್ನೆಲ್ಲ ಒಮ್ಮೆ ನೋಡಿ ಕೇಳಿದಳು: “ಮಿಲೂಂಕಾ, ಅಮ್ಮ ಎಲ್ಲಿ ಕೂರ್ತಿದ್ಲು?”

ಬೆಂಚು ನೋಡಿದೆ, ಒಲೆಯ ಪಕ್ಕದ ಮೂಲೆ ನೋಡಿದೆ, ಕಿಟಕಿಯ ಬಳಿ ನೋಡಿದೆ. ಇಷ್ಟು ವರ್ಷ ಈ ಮನೆಯೊಳಗೆ ಇಣುಕಿದವಳು ನಾನು. ಆ ಹೆಂಗಸು ಕೂತಿದ್ದನ್ನು ಒಂದು ದಿನವೂ ಕಂಡಿರಲಿಲ್ಲ.